ಚೆಕ್ ಎಂಜಿನ್ ದೀಪ ಹೊತ್ತಿದಾಗ: ಡಾಂಗಲ್, ಸ್ಕ್ಯಾನರ್, ಗ್ಯಾಸ್ ಅನಲೈಸರ್ – ಯಾವುದಕ್ಕೆ ಯಾವುದು ಬೇಕು?

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡುತ್ತಾರೆ, ಪಿ0171 ಎಂದು ಬರುತ್ತದೆ. ಆಕ್ಸಿಜನ್ ಸೆನ್ಸರ್ ಹೋಗಿದೆ ಅನ್ನುತ್ತಾರೆ, ಬದಲಿಸುತ್ತಾರೆ, ಕೋಡ್ ಅಳಿಸುತ್ತಾರೆ. ಎಂಟು ದಿನ ಕಳೆಯುವಷ್ಟರಲ್ಲಿ ಅದೇ ದೀಪ, ಅದೇ ಕೋಡ್. ದುಡ್ಡು ಹೋಯಿತು, ತೊಂದರೆ ಹಾಗೇ ಉಳಿಯಿತು.

ಕೋಡ್ ಅಂದರೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಕೊಟ್ಟ ದೂರು. ದೂರು ಕೊಟ್ಟವರು ಬೆರಳು ತೋರಿಸಿದ ಮನೆಯಲ್ಲೇ ಕಳ್ಳ ಇರಬೇಕೆಂದೇನಿಲ್ಲ. ಪಿ0171ರ ಅರ್ಥ "ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ" ಎಂದಷ್ಟೇ. ಆ ಸುದ್ದಿ ಮುಟ್ಟಿಸಿದ್ದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುವ ಆಕ್ಸಿಜನ್ ಸೆನ್ಸರ್. ಅದು ನಿಜವನ್ನೇ ಹೇಳಿರುವ ಸಾಧ್ಯತೆಯೇ ಹೆಚ್ಚು. ಗಾಳಿ ಎಲ್ಲಿಂದ ನುಗ್ಗಿತು, ಪೆಟ್ರೋಲ್ ಏಕೆ ಸಾಲಲಿಲ್ಲ ಎಂಬುದನ್ನು ಬೇರೆ ಉಪಕರಣದಿಂದ ಅಳೆದೇ ತಿಳಿಯಬೇಕು. ಆದ್ದರಿಂದ ಈ ಹೋಲಿಕೆಯನ್ನು ಬೆಲೆಯ ಮೇಲೆ ಕಟ್ಟಿಲ್ಲ. ಯಾವ ಉಪಕರಣ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದರ ಮೇಲೆ ಕಟ್ಟಿದೆ.

ಸ್ಕ್ಯಾನರ್‌ಗಿಂತ ಮೊದಲು ಮಲ್ಟಿಮೀಟರ್

ಮನೆಯಲ್ಲಿ ಒಂದೇ ಉಪಕರಣ ಇಟ್ಟುಕೊಳ್ಳುವುದಾದರೆ ಅದು ಮಲ್ಟಿಮೀಟರ್ ಆಗಿರಲಿ. ಬ್ಯಾಟರಿ ಸೋತಾಗ ಇಸಿಯುಗೆ ಸೆನ್ಸರ್‌ಗಳ ವೋಲ್ಟೇಜ್ ಏರುಪೇರಾಗಿ ಕಾಣುತ್ತದೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ಕೋಡ್ ಒಟ್ಟಿಗೆ ಬೀಳುತ್ತವೆ. ಎಬಿಎಸ್, ಪವರ್ ಸ್ಟೀರಿಂಗ್, ಎಂಜಿನ್ ಮೂರರ ದೀಪವೂ ಒಂದೇ ಬೆಳಗ್ಗೆ ಹೊತ್ತಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ, ಎರಡನೆಯದು ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥಿಂಗ್ ವೈರಿನ ಮೇಲೆ.

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯಲ್ಲಿ ಬೆಳಗ್ಗೆ 12.5 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಹೊಸ ಕಾರುಗಳ ಆಲ್ಟರ್ನೇಟರನ್ನು ಇಸಿಯುವೇ ನಿಯಂತ್ರಿಸುವುದರಿಂದ ಕೆಲವೊಮ್ಮೆ ಇದಕ್ಕಿಂತ ಕಡಿಮೆಯೂ ಕಾಣುತ್ತದೆ. ಹೆಡ್‌ಲೈಟ್ ಮತ್ತು ಎಸಿ ಹಾಕಿ ಮತ್ತೊಮ್ಮೆ ನೋಡಿ. ಅರ್ಥಿಂಗ್ ನೋಡಲು ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ವೈರಿನ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಖರ್ಚಿಲ್ಲದ ಈ ಕೆಲಸಕ್ಕೆ ಎಷ್ಟೋ "ಸೆನ್ಸರ್ ತೊಂದರೆ"ಗಳು ಮಾಯವಾಗುತ್ತವೆ.

ಸ್ಕ್ಯಾನರ್ ಹಾಕಿದರೂ ಕಾರು ಮಾತಾಡದೆ ಇದ್ದಾಗಲೂ ಇದೇ ಮೀಟರ್ ಬೇಕು. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಒಬಿಡಿ ಸಾಕೆಟ್ಟಿನಲ್ಲಿ 16ನೇ ಪಿನ್ ಬ್ಯಾಟರಿಯ ಪಾಸಿಟಿವ್, 4 ಮತ್ತು 5 ಗ್ರೌಂಡ್. ಅಲ್ಲಿ 12 ವೋಲ್ಟ್ ಇಲ್ಲದಿದ್ದರೆ ಫ್ಯೂಸ್ ನೋಡಿ. ಹಲವು ಕಾರುಗಳಲ್ಲಿ ಅದು ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನ ಫ್ಯೂಸೇ ಆಗಿರುತ್ತದೆ, ಅಗ್ಗದ ಚಾರ್ಜರ್ ಅದನ್ನು ಸುಟ್ಟಿರುತ್ತದೆ. ವೋಲ್ಟ್ ಇದ್ದೂ ಸಂಪರ್ಕ ಸಿಗದಿದ್ದರೆ ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಸುಮಾರು 60 ಬಂದರೆ ಕ್ಯಾನ್ ವೈರಿಂಗ್, ಅಂದರೆ ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಜೋಡಿ ವೈರು, ಸರಿಯಿದೆ. 120 ಬಂದರೆ ಎರಡು ತುದಿಯ ರೆಸಿಸ್ಟರ್‌ಗಳಲ್ಲಿ ಒಂದು ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಎಲ್ಲೋ ಒಂದಕ್ಕೊಂದು ತಾಗಿವೆ. ಇಲಿ ಕಡಿದ ಕಾರುಗಳಲ್ಲಿ ಈ ಕೊನೆಯ ಎರಡನ್ನೂ ಕಾಣಬಹುದು.

ಅಗ್ಗದ ಡಾಂಗಲ್ಲೋ, ಕೈಯಲ್ಲಿ ಹಿಡಿಯುವ ಕೋಡ್ ರೀಡರೋ?

ನಮ್ಮಲ್ಲಿ ಬಿಎಸ್-4 (ಭಾರತ್ ಸ್ಟೇಜ್ ಎಂಬ ಎಮಿಷನ್ ನಿಯಮದ ನಾಲ್ಕನೇ ಹಂತ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಗುರುತಿಸುವ ವ್ಯವಸ್ಥೆ, ಕಡ್ಡಾಯವಾಯಿತು. ಅಲ್ಲಿಂದೀಚಿನ ಕಾರಾದರೆ ಸಾಮಾನ್ಯ ಡಾಂಗಲ್ (ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿಗೆ ಜೋಡಿಸುವ ಪುಟ್ಟ ಸಾಧನ) ಮಾತಾಡಿಸುತ್ತದೆ. ಅದಕ್ಕೂ ಹಳೆಯ ಎಷ್ಟೋ ಕಾರುಗಳಲ್ಲಿ ಅದೇ ಆಕಾರದ ಸಾಕೆಟ್ ಇದ್ದರೂ ಒಳಗಿನ ಭಾಷೆ ಕಂಪನಿಯದೇ ಆಗಿರುತ್ತದೆ. ಅಂಥಲ್ಲಿ "ಸಂಪರ್ಕ ಸಿಗುತ್ತಿಲ್ಲ" ಎಂದು ಬಂದರೆ ಡಾಂಗಲ್ ಕೆಟ್ಟಿದೆ ಎಂದು ಬಿಸಾಡಬೇಡಿ.

ಬ್ಲೂಟೂತ್ ಡಾಂಗಲ್‌ಗಳ ಮೇಲೆಲ್ಲ ಇಎಲ್‌ಎಂ327 ಎಂದು ಬರೆದಿರುತ್ತದೆ. ಆ ಚಿಪ್ಪನ್ನು ರೂಪಿಸಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಅದರ ಮೊದಲ ಆವೃತ್ತಿಯ ಪ್ರೋಗ್ರಾಮಿಗೆ ರಕ್ಷಣೆ ಇರಲಿಲ್ಲವಾಗಿ ನಕಲುಗಳು ಎಲ್ಲೆಡೆ ಹರಡಿದವು. ಆ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ, 2022ರಲ್ಲಿ ಬಾಗಿಲನ್ನೂ ಮುಚ್ಚಿತು. ಹೀಗಾಗಿ ಡಬ್ಬಿಯ ಮೇಲಿನ ಆವೃತ್ತಿ ಸಂಖ್ಯೆಯಿಂದ ಗುಣಮಟ್ಟ ತಿಳಿಯುವುದಿಲ್ಲ. ವಿಚಿತ್ರವೆಂದರೆ "2.1" ಎಂದು ಬರೆದ ಪುಟ್ಟ ನಕಲುಗಳಲ್ಲಿ ಎಷ್ಟೋ ಆಜ್ಞೆಗಳನ್ನು ಕತ್ತರಿಸಿರುತ್ತಾರೆ, "1.5" ಎಂದು ಬರೆದವು ಬಹುಪಾಲು ಅದಕ್ಕಿಂತ ವಾಸಿ. ಐಫೋನ್ ಇದ್ದವರು ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಇರುವುದನ್ನೇ ಕೊಳ್ಳಬೇಕು, ಹಳೆಯ ಬ್ಲೂಟೂತಿನ ಡಾಂಗಲ್ ಅದಕ್ಕೆ ಕೂಡುವುದಿಲ್ಲ.

ಸಾವಿರ ರೂಪಾಯಿಯ ಆಸುಪಾಸಿನ ಡಾಂಗಲ್, ಮೊಬೈಲಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪ್ – ಇಷ್ಟಿದ್ದರೆ ಕೋಡ್, ಕೋಡ್ ಬಿದ್ದ ಗಳಿಗೆಯ ರೀಡಿಂಗ್‌ಗಳು (ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ), ಓಡುವಾಗಿನ ನೇರ ರೀಡಿಂಗ್‌ಗಳು, ಗ್ರಾಫ್ ಎಲ್ಲ ಸಿಗುತ್ತವೆ. ಕೈಯಲ್ಲಿ ಹಿಡಿಯುವ, ವೈರಿರುವ ಕೋಡ್ ರೀಡರ್‌ಗೆ ಇದರ ಎರಡು ಮೂರು ಪಟ್ಟು ಬೆಲೆ. ಅದರ ಲಾಭ ಒಂದೇ: ಹಾಕಿದ ಕೂಡಲೇ ಕೆಲಸ ಮಾಡುತ್ತದೆ, ಜೋಡಣೆಯ ತಲೆನೋವಿಲ್ಲ. ದಿನಕ್ಕೆ ನಾಲ್ಕು ಕಾರು ನೋಡುವ ಮೆಕ್ಯಾನಿಕ್‌ಗೆ ಅದು ದೊಡ್ಡ ಲಾಭ. ಸ್ವಂತ ಕಾರಿಗಾದರೆ ಡಾಂಗಲ್ಲೇ ಮೇಲು. ಕೋಡ್ ರೀಡರಿನ ಸಣ್ಣ ಪರದೆಯ ಮೇಲೆ ನಾಲ್ಕು ಸಾಲಿನ ಅಂಕಿ ನೋಡುವುದಕ್ಕೂ, ಮೊಬೈಲಿನಲ್ಲಿ ಹತ್ತು ನಿಮಿಷದ ಓಟವನ್ನೆಲ್ಲ ದಾಖಲಿಸಿಕೊಂಡು ಆಮೇಲೆ ಕೂತು ನೋಡುವುದಕ್ಕೂ ಅಜಗಜಾಂತರ.

ಎರಡು ಎಚ್ಚರಿಕೆ. ಡಾಂಗಲ್ಲನ್ನು ಸಾಕೆಟ್ಟಿನಲ್ಲೇ ಬಿಟ್ಟು ಹೋಗಬೇಡಿ. 16ನೇ ಪಿನ್ನಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ, ಊರಿಗೆ ಹೋಗಿ ಹದಿನೈದು ದಿನಕ್ಕೆ ಬರುವಷ್ಟರಲ್ಲಿ ಬ್ಯಾಟರಿ ಕೂತಿರುತ್ತದೆ. ಇನ್ನೊಂದು, ಫ್ರೀಜ್ ಫ್ರೇಮಿನ ಫೋಟೋ ತೆಗೆದುಕೊಳ್ಳದೆ ಕೋಡ್ ಅಳಿಸಬೇಡಿ. ತೊಂದರೆ ಬಂದಾಗ ಎಂಜಿನ್ ಬಿಸಿಯಿತ್ತೇ, ವೇಗ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿದೆ. ಅಳಿಸಿದರೆ ಅದೂ ಹೋಗುತ್ತದೆ.

ಡಾಂಗಲ್ಲಿನ ನಿಜವಾದ ಬೆಲೆ ಫ್ಯೂಯಲ್ ಟ್ರಿಮ್ಮಿನಲ್ಲಿದೆ

ಹೆಚ್ಚಿನವರು ಕೋಡ್ ಓದಿ ನಿಲ್ಲಿಸುತ್ತಾರೆ. ಅದೇ ಡಾಂಗಲ್ ತೋರಿಸುವ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎಂಬ ಎರಡು ಅಂಕಿಗಳನ್ನು ನೋಡುವುದಿಲ್ಲ. ಇಸಿಯು ತನ್ನ ಲೆಕ್ಕದ ಪೆಟ್ರೋಲಿಗಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಸುರಿಯಬೇಕಾಯಿತು ಎಂಬುದೇ ಟ್ರಿಮ್. ಎರಡನ್ನೂ ಕೂಡಿ. ಮೊತ್ತ ಸೊನ್ನೆಯ ಅತ್ತಿತ್ತ 5ರೊಳಗಿದ್ದರೆ ಚೆನ್ನ, 10 ದಾಟಿದರೆ ಹುಡುಕಬೇಕು. ಪ್ಲಸ್ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಹೆಚ್ಚಾಗಿದೆ. ಮೈನಸ್ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ.

ನೋಡುವ ಕ್ರಮ ಹೀಗೆ. ಹದಿನೈದು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ, ಕೂಲಂಟ್ 85 ಡಿಗ್ರಿ ದಾಟಲಿ. ಎಸಿ ಆರಿಸಿ. ಐಡ್ಲಿಂಗಿನಲ್ಲಿ ಎರಡು ನಿಮಿಷ ಬಿಟ್ಟು ಮೊತ್ತ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಬರೆದುಕೊಳ್ಳಿ. ಕೊನೆಗೆ ಮೂರನೇ ಗೇರಿನಲ್ಲಿ ಏರು ರಸ್ತೆಯಲ್ಲಿ ಎಳೆಸುತ್ತ ಪಕ್ಕದಲ್ಲಿ ಕೂತವರಿಂದ ಓದಿಸಿ.

ಐಡ್ಲಿಂಗಿನಲ್ಲಿ +22 ಇದ್ದದ್ದು 2500ರಲ್ಲಿ +4ಕ್ಕೆ ಇಳಿದರೆ ಥ್ರಾಟಲ್ಲಿನ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ) ನಂತರ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ: ಒಡೆದ ಬ್ರೀದರ್ ಪೈಪ್, ಗಟ್ಟಿಯಾದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಹೋಸ್. ತೂತು ಅಷ್ಟೇ ಇರುತ್ತದೆ, ಎಂಜಿನ್ ಹೆಚ್ಚು ಗಾಳಿ ಎಳೆದಾಗ ಆ ಪಾಲು ಕಿರಿದಾಗುತ್ತದೆ. ಇದರ ತಲೆಕೆಳಗು, ಅಂದರೆ ಐಡ್ಲಿಂಗಿನಲ್ಲಿ +3 ಇದ್ದು ಏರಿನಲ್ಲಿ +18ಕ್ಕೆ ಹೋದರೆ, ಪೆಟ್ರೋಲ್ ಪಂಪ್ ಸೋತಿದೆ ಅಥವಾ ಫಿಲ್ಟರ್ ಕಟ್ಟಿದೆ. ಎಲ್ಲ ಕಡೆಯೂ ಒಂದೇ ಸಮ +15 ಇದ್ದರೆ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಕೊಳೆಯಾಗಿದೆ ಎಂದು ನೋಡಿ.

ಇಲ್ಲೊಂದು ಸೂಕ್ಷ್ಮವಿದೆ, ವಿದೇಶದ ವೀಡಿಯೊ ನೋಡಿ ಕಲಿತವರು ಎಡವುವುದು ಇಲ್ಲೇ. ನಮ್ಮ ಹಲವು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಇರುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಕಳ್ಳಗಾಳಿ ನುಗ್ಗಿದರೂ ಒತ್ತಡ ಏರುವುದರಿಂದ ಅದು ಮ್ಯಾಪ್ ಲೆಕ್ಕಕ್ಕೆ ಸಿಕ್ಕಿ, ಇಸಿಯು ತಕ್ಕಷ್ಟು ಪೆಟ್ರೋಲ್ ಕೊಟ್ಟುಬಿಡುತ್ತದೆ. ಟ್ರಿಮ್ ಹೆಚ್ಚು ಕದಲುವುದಿಲ್ಲ. ಬದಲಿಗೆ ಐಡ್ಲಿಂಗ್ ಏರುತ್ತದೆ, ಕಾಲು ತೆಗೆದರೂ ಆರ್‌ಪಿಎಂ ಬೇಗ ಇಳಿಯುವುದಿಲ್ಲ. ಇಂಥ ಕಾರಿನಲ್ಲಿ ಟ್ರಿಮ್ ಚೆನ್ನಾಗಿದೆ ಎಂದು ಗಾಳಿ ಸೋರಿಕೆಯನ್ನು ತಳ್ಳಿಹಾಕಬಾರದು. ಬಿಸಿ ಎಂಜಿನ್ನಿನ ಐಡ್ಲಿಂಗಿನಲ್ಲಿ ಮ್ಯಾಪ್ ಸಾಮಾನ್ಯವಾಗಿ 30ರಿಂದ 40 ಕಿಲೋಪಾಸ್ಕಲ್ ಇರುತ್ತದೆ. 50ರ ಹತ್ತಿರ ನಿಂತಿದ್ದರೆ ಗಾಳಿ ಸೋರಿಕೆ ಅಥವಾ ವಾಲ್ವ್ ಟೈಮಿಂಗ್ ನೋಡಿ.

ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನೂ ಲೆಕ್ಕಕ್ಕೆ ತಗೊಳ್ಳಿ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಶೇ 10 ಎಥನಾಲ್ ಇದ್ದರೆ ಸುಮಾರು 14.1, ಶೇ 20 ಇದ್ದರೆ ಸುಮಾರು 13.5. ಶೇ 10 ಎಥನಾಲಿನ ಹಳೆಯ ಲೆಕ್ಕದ ಕಾರಿಗೆ ಇ20 ಹಾಕಿದಾಗ ಇಸಿಯು ನಾಲ್ಕೈದು ಶೇಕಡಾ ಹೆಚ್ಚು ಸುರಿಯುವುದು ಸಹಜ. +6 ಕಂಡು ಇಂಜೆಕ್ಟರ್ ಕ್ಲೀನಿಂಗಿಗೆ ದುಡ್ಡು ಕೊಡಬೇಡಿ. ಆದರೆ ಮೊದಲೇ +20 ಇದ್ದ ಕಾರು ಇ20 ಕುಡಿದು +25 ಆಗಿ ದೀಪ ಹೊತ್ತಿಸಿಕೊಳ್ಳುವುದೂ ಉಂಟು. ಅಲ್ಲಿ ತಪ್ಪು ಪೆಟ್ರೋಲಿನದಲ್ಲ, ಮೊದಲಿನ +20ರದು.

ಸಿಎನ್‌ಜಿ ಕಾರಾದರೆ ಇದೇ ಪರೀಕ್ಷೆಯನ್ನು ಪೆಟ್ರೋಲಿನಲ್ಲೊಮ್ಮೆ, ಗ್ಯಾಸಿನಲ್ಲೊಮ್ಮೆ ಮಾಡಿ. ಎರಡರಲ್ಲೂ ತೊಂದರೆ ಇದ್ದರೆ ಎಂಜಿನ್ನಿನದು. ಗ್ಯಾಸಿನಲ್ಲಿ ಮಾತ್ರ ಇದ್ದರೆ ಕಿಟ್ಟಿನ ಫಿಲ್ಟರ್, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಅಥವಾ ಪ್ಲಗ್ಗಿನದು.

ಡಾಂಗಲ್ಲಿನಿಂದ ಇನ್ನೊಂದು ಸುಲಭದ ಪರೀಕ್ಷೆ ಬೆಳಗಿನ ಜಾವದ್ದು. ರಾತ್ರಿಯೆಲ್ಲ ನಿಂತ ಕಾರಿಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಹಾಕಿ. ಕೂಲಂಟ್ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 21, ಇನ್ನೊಂದು 38 ತೋರಿಸಿದರೆ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಮೈನಸ್ 40 ತೋರಿಸಿದರೆ ವೈರು ಕಡಿದಿದೆ. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೂ ಕೂಲಂಟ್ 70 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದುಕೊಂಡೇ ನಿಂತಿದೆ, ಇಲ್ಲವೇ ಹಿಂದೊಮ್ಮೆ ಕಾರು ಬಿಸಿಯಾಯಿತೆಂದು ಯಾರೋ ಅದನ್ನು ಕಿತ್ತೇ ಹಾಕಿದ್ದಾರೆ. ನಮ್ಮ ಗ್ಯಾರೇಜುಗಳಲ್ಲಿ ಇದು ಬಹಳ ಹಳೆಯ ಚಾಳಿ. ಎಂಜಿನ್ ಸದಾ ತಣ್ಣಗಿದೆಯೆಂದು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಎಮಿಷನ್ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಏರುತ್ತದೆ. ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎಂಬ ಪಿ0128 ಬಂದರೆ ಸೆನ್ಸರಿಗಿಂತ ಮೊದಲು ಥರ್ಮೋಸ್ಟಾಟ್ ಇದೆಯೇ ಎಂದು ಬಿಚ್ಚಿ ನೋಡಿ.

ಆಜ್ಞೆ ಕೊಡುವ ಸ್ಕ್ಯಾನರ್ ಯಾವಾಗ ಬೇಕು

ಆಟೆಲ್, ಲಾಂಚ್ ಮುಂತಾದ ಟ್ಯಾಬ್ಲೆಟ್ ಮಾದರಿಯ ಸ್ಕ್ಯಾನರ್‌ಗಳು ಓದುವುದಷ್ಟೇ ಅಲ್ಲ, ಕಾರಿಗೆ ಆಜ್ಞೆಯನ್ನೂ ಕೊಡುತ್ತವೆ. ಫ್ಯಾನ್ ಓಡಿಸು, ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ತೆರೆ, ಎರಡನೇ ಇಂಜೆಕ್ಟರ್ ನಿಲ್ಲಿಸು. ಹತ್ತಾರು ಸಾವಿರದಿಂದ ಲಕ್ಷದವರೆಗೆ ಬೆಲೆ, ಮೇಲೆ ವರ್ಷವರ್ಷ ಅಪ್‌ಡೇಟಿನ ಹಣ. ಒಂದು ಕಾರಿಗಾಗಿ ಕೊಳ್ಳುವ ಸಾಮಾನಲ್ಲ. ಆದರೆ ಎಬಿಎಸ್, ಏರ್‌ಬ್ಯಾಗ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ದೀಪ ಹೊತ್ತಿದ್ದರೆ, ಡೀಸೆಲ್ ಇಂಜೆಕ್ಟರ್ ಬದಲಿಸಿ ಅದರ ಮೇಲಿನ ಸಂಖ್ಯೆಯನ್ನು ಇಸಿಯುಗೆ ಬರೆಯಬೇಕಿದ್ದರೆ, ಡಿಪಿಎಫ್ ಎಂಬ ಡೀಸೆಲ್ ಹೊಗೆಯ ಫಿಲ್ಟರಿನಲ್ಲಿ ಕಟ್ಟಿದ ಮಸಿ ಸುಡಿಸಬೇಕಿದ್ದರೆ ಡಾಂಗಲ್ ಕೈಚೆಲ್ಲುತ್ತದೆ. ಆಗ ಈ ಸ್ಕ್ಯಾನರ್ ಇರುವ ಗ್ಯಾರೇಜನ್ನೇ ಹುಡುಕಿ. ಇಮ್ಮೊಬಿಲೈಸರ್ ಕೀ ಅಥವಾ ಇಸಿಯು ಸಾಫ್ಟ್‌ವೇರ್ ಬದಲಿಸುವುದಿದ್ದರೆ ಕಂಪನಿಯ ಸರ್ವೀಸ್ ಸೆಂಟರೇ ಸರಿ.

ಸ್ಕ್ಯಾನರ್ ದುಬಾರಿಯಾದಷ್ಟೂ ತೊಂದರೆ ಬೇಗ ಸಿಗುತ್ತದೆ ಎಂಬುದು ತಪ್ಪು ನಂಬಿಕೆ. ಪಿ0301 ಬಂದಿದೆ, ಮೊದಲ ಸಿಲಿಂಡರ್ ಮಿಸ್ ಆಗುತ್ತಿದೆ ಎನ್ನಿ. ಲಕ್ಷದ ಸ್ಕ್ಯಾನರ್ ಕೂಡ ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕೆಟ್ಟಿದೆಯೋ, ಪ್ಲಗ್ಗೋ, ಇಂಜೆಕ್ಟರೋ, ವಾಲ್ವೋ ಹೇಳಲಾರದು. 10 ಎಂಎಂ ಸ್ಪ್ಯಾನರ್ ಹೇಳುತ್ತದೆ: ಮೊದಲ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಮೊದಲನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಪಿ0303 ಬಂದರೆ ಕಾಯಿಲ್. ಮತ್ತೆ ಪಿ0301 ಬಂದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಪಿ0301 ಉಳಿದರೆ ಇಂಜೆಕ್ಟರ್, ಇಲ್ಲವೇ ಕಂಪ್ರೆಷನ್. ಒಂದೊಂದೇ ಬದಲಿಸಿ, ಎರಡನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ದೀಪ ಮಿಣುಕುತ್ತಿದ್ದರೆ ಮಾತ್ರ ಓಡಿಸಿ ನೋಡುವ ಸಾಹಸ ಬೇಡ. ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ (ಕ್ಯಾಟ್) ಹೊತ್ತಿ ಅದನ್ನು ಕರಗಿಸುತ್ತದೆ.

ಮಿಸ್ಸಿಂಗ್ ಜೊತೆ ಪಿ0171 ಕೂಡ ಬಂದಿದ್ದರೆ ಮೊದಲು ಮಿಸ್ಸಿಂಗ್ ಸರಿಮಾಡಿ. ಸುಡದ ಸಿಲಿಂಡರಿನಿಂದ ಪೆಟ್ರೋಲಿನ ಜೊತೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ, ಗಾಳಿ ಹೆಚ್ಚಿದೆ ಎಂದು ಅದು ವರದಿ ಮಾಡುತ್ತದೆ. ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒಂದು ಕೆಟ್ಟ ಕಾಯಿಲ್ ಹೀಗೆ ಎರಡು ಕೋಡ್ ಹುಟ್ಟಿಸುತ್ತದೆ.

ಗ್ಯಾಸ್ ಅನಲೈಸರ್: ಸರ್ಟಿಫಿಕೇಟಿಗಷ್ಟೇ ಬಳಸಿ ಬಿಟ್ಟ ಯಂತ್ರ

ಸ್ಕ್ಯಾನರ್ ತೋರಿಸುವುದು ಇಸಿಯು ನಂಬಿದ್ದನ್ನು. ಅನಲೈಸರ್ ತೋರಿಸುವುದು ಸೈಲೆನ್ಸರಿನಿಂದ ನಿಜವಾಗಿ ಹೊರಬಿದ್ದದ್ದನ್ನು. ಸೆನ್ಸರೇ ಸುಳ್ಳು ಹೇಳುತ್ತಿರುವಾಗ ಸ್ಕ್ಯಾನರಿಗೆ ಅದು ಗೊತ್ತಾಗುವುದಿಲ್ಲ, ಅನಲೈಸರಿಗೆ ಗೊತ್ತಾಗುತ್ತದೆ. ಇಷ್ಟೊಳ್ಳೆಯ ಯಂತ್ರ ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಗೂಡಿನಲ್ಲಿ ಪಾಸ್-ಫೇಲ್ ಅಚ್ಚು ಹಾಕುವುದಕ್ಕಷ್ಟೇ ಬಳಕೆಯಾಗುತ್ತಿರುವುದು ಬೇಸರದ ಸಂಗತಿ. ಗ್ಯಾರೇಜಿನವರು ಅಲ್ಲಿನ ರೀಡಿಂಗನ್ನು ಕೇಳಿ ಬರೆದುಕೊಂಡರೂ ಅರ್ಧ ಕೆಲಸ ಮುಗಿಯುತ್ತದೆ.

ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಸಿಒ ಶೇ 0.3, ಹೈಡ್ರೋಕಾರ್ಬನ್ (ಸುಡದೆ ಉಳಿದ ಪೆಟ್ರೋಲ್) 200 ಪಿಪಿಎಂ ಮಿತಿ. 2500 ಆರ್‌ಪಿಎಂನ ಆಸುಪಾಸಿನಲ್ಲಿ ಸಿಒ 0.2, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪಾಲಿನ ಅಳತೆ; 1 ಎಂದರೆ ಸರಿಯಾದ ಮಿಶ್ರಣ, ಕಡಿಮೆಯಾದರೆ ಪೆಟ್ರೋಲ್ ಹೆಚ್ಚು) 0.97ರಿಂದ 1.03ರೊಳಗೆ. ಬಿಎಸ್-2, ಬಿಎಸ್-3 ಕಾರಿಗೆ ಸಿಒ 0.5, ಹೈಡ್ರೋಕಾರ್ಬನ್ 750. ಇವು ಕಾನೂನಿನ ಮಿತಿ ಮಾತ್ರ. ಕ್ಯಾಟ್ ಚೆನ್ನಾಗಿರುವ ಬಿಸಿ ಎಂಜಿನ್ನಿನಲ್ಲಿ ಸಿಒ 0.1ರ ಕೆಳಗೆ, ಹೈಡ್ರೋಕಾರ್ಬನ್ 50ರ ಕೆಳಗೆ, ಇಂಗಾಲದ ಡೈಆಕ್ಸೈಡ್ 14ರಿಂದ 15, ಆಮ್ಲಜನಕ ಅರ್ಧ ಶೇಕಡಾದೊಳಗೆ ಇರುತ್ತದೆ. 0.28 ಬಂದು ಪಾಸಾದ ಕಾರು ಆರೋಗ್ಯವಾಗಿದೆ ಎಂದುಕೊಳ್ಳಬೇಡಿ, ಅದು ಮುಂದಿನ ವರ್ಷ ಫೇಲಾಗುವ ಕಾರು.

ನಾಲ್ಕೂ ಅನಿಲಗಳನ್ನು ಒಟ್ಟಿಗೆ ಓದಬೇಕು:

- ಸಿಒ ಹೆಚ್ಚು, ಆಮ್ಲಜನಕ ಸೊನ್ನೆಯ ಹತ್ತಿರ: ಪೆಟ್ರೋಲ್ ಜಾಸ್ತಿ. ಸೋರುವ ಇಂಜೆಕ್ಟರ್, ತೆರೆದೇ ನಿಂತ ಪರ್ಜ್ ವಾಲ್ವ್, ಹೆಚ್ಚಿದ ಪೆಟ್ರೋಲ್ ಒತ್ತಡ, ತಣ್ಣಗಿದೆ ಎಂದು ತೋರಿಸುವ ಕೂಲಂಟ್ ಸೆನ್ಸರ್. ಏರ್ ಫಿಲ್ಟರ್ ಕಟ್ಟಿದ್ದರೆ ಈಗಿನ ಇಂಜೆಕ್ಷನ್ ಕಾರಿನಲ್ಲಿ ಪಿಕಪ್ ಹೋಗುತ್ತದೆಯೇ ಹೊರತು ಸಿಒ ಅಷ್ಟಾಗಿ ಏರುವುದಿಲ್ಲ.
- ಹೈಡ್ರೋಕಾರ್ಬನ್ ಹೆಚ್ಚು, ಆಮ್ಲಜನಕವೂ ಹೆಚ್ಚು: ಒಂದು ಸಿಲಿಂಡರ್ ಸುಡುತ್ತಿಲ್ಲ. ಕಿಡಿ ಇಲ್ಲ, ಅಥವಾ ಪೆಟ್ರೋಲ್ ತೀರ ಕಡಿಮೆಯಾಗಿ ಉರಿ ಹಿಡಿಯುತ್ತಿಲ್ಲ, ಅಥವಾ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ.
- ಸಿಒ ಕಡಿಮೆ, ಹೈಡ್ರೋಕಾರ್ಬನ್ ಕಡಿಮೆ, ಇಂಗಾಲದ ಡೈಆಕ್ಸೈಡ್ 9 ಅಥವಾ 10, ಆಮ್ಲಜನಕ 5ರ ಮೇಲೆ: ಇದು ಸ್ವಚ್ಛ ಎಂಜಿನ್ ಅಲ್ಲ. ಸೈಲೆನ್ಸರ್ ತೂತಾಗಿದೆ ಅಥವಾ ಪೈಪು ಒಳಗೆ ಸಾಲದಷ್ಟು ಹೋಗಿದೆ, ಹೊರಗಿನ ಗಾಳಿ ಬೆರೆತಿದೆ. ಈ ರೀಡಿಂಗಿನ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ.

ಐದನೆಯ ಅನಿಲ ನೈಟ್ರೋಜನ್ ಆಕ್ಸೈಡ್ ಅಳೆಯುವ ಯಂತ್ರ ಸಿಕ್ಕರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನ ತೊಂದರೆ, ಸಿಲಿಂಡರ್ ಅತಿಯಾಗಿ ಬಿಸಿಯಾಗುವುದು ತಿಳಿಯುತ್ತದೆ. ಆದರೆ ಅದು ಲೋಡ್ ಮೇಲೆ ಮಾತ್ರ ಏರುವುದರಿಂದ ನಿಂತ ಕಾರಿನಲ್ಲಿ ಅಳೆದು ಪ್ರಯೋಜನ ಕಡಿಮೆ.

ಅಳತೆ ಸರಿಯಿರಬೇಕಾದರೆ ಪೈಪನ್ನು ಸೈಲೆನ್ಸರಿನೊಳಗೆ ಕನಿಷ್ಠ 30 ಸೆಂ.ಮೀ. ತೂರಿಸಬೇಕು. ಪರೀಕ್ಷೆಗೆ ಮುನ್ನ ಯಂತ್ರ ಹೊರಗಿನ ಗಾಳಿಯಲ್ಲಿ ಸೊನ್ನೆಗೆ ಬಂದಿದೆಯೇ, ಆಮ್ಲಜನಕ 20.9 ತೋರಿಸುತ್ತಿದೆಯೇ ನೋಡಿ. ನೀರು ಹಿಡಿಯುವ ಲೋಟ ತುಂಬಿದ್ದರೆ, ಫಿಲ್ಟರ್ ಕಪ್ಪಾಗಿದ್ದರೆ ಹಿಂದಿನ ಕಾರಿನ ಹೈಡ್ರೋಕಾರ್ಬನ್ ಪೈಪಿನಲ್ಲೇ ಅಂಟಿ ಉಳಿದು ನಿಮ್ಮ ಕಾರಿನ ಲೆಕ್ಕಕ್ಕೆ ಬೀಳುತ್ತದೆ. ಕಾರನ್ನೂ ಬಿಸಿ ಮಾಡಿಯೇ ಒಯ್ಯಿರಿ. ಮನೆಯಿಂದ ಎರಡು ಫರ್ಲಾಂಗ್ ದೂರದ ಗೂಡಿಗೆ ತಣ್ಣಗೆ ಹೋದರೆ ಕ್ಯಾಟ್ ಇನ್ನೂ ಎದ್ದಿರುವುದಿಲ್ಲ, ಒಳ್ಳೆಯ ಕಾರೂ ಫೇಲಾಗುತ್ತದೆ.

ಹೆಡ್ ಗ್ಯಾಸ್ಕೆಟ್ ಅನುಮಾನಕ್ಕೂ ಇದೇ ಯಂತ್ರ ಉಪಯೋಗಕ್ಕೆ ಬರುತ್ತದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಸ್ವಲ್ಪ ಕೂಲಂಟ್ ಇಳಿಸಿ, ಸ್ಟಾರ್ಟ್ ಮಾಡಿ ಪೈಪಿನ ಬಾಯನ್ನು ದ್ರವದ ಮೇಲೆ ಎರಡು ಮೂರು ಸೆಂ.ಮೀ. ಎತ್ತರದಲ್ಲಿ ಹಿಡಿಯಿರಿ. ಹೈಡ್ರೋಕಾರ್ಬನ್ ಏರುತ್ತ ಹೋದರೆ ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದೆ. ಪೈಪು ಕೂಲಂಟ್ ಹೀರಿದರೆ ಯಂತ್ರವೇ ಹಾಳು. ಆ ಭಯವಿದ್ದರೆ ನೀಲಿ ದ್ರಾವಣ ಹಳದಿಗೆ ತಿರುಗುವ ಅಗ್ಗದ ಬ್ಲಾಕ್ ಟೆಸ್ಟರ್ ಸಾಕು.

ಕಂಪ್ರೆಷನ್ ಗೇಜ್, ಸ್ಮೋಕ್ ಟೆಸ್ಟರ್, ಆಸಿಲೋಸ್ಕೋಪ್

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿಗೆ ಖರ್ಚು ಕಡಿಮೆ, ಉತ್ತರ ಖಚಿತ. ಪೆಟ್ರೋಲ್ ಎಂಜಿನ್ನಿನಲ್ಲಿ ನಾಲ್ಕೂ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಸಾಮಾನ್ಯವಾಗಿ 10ರಿಂದ 13 ಬಾರ್ ಬರುತ್ತದೆ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಒಂದು ಬಾರ್ ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ.

ಮ್ಯಾನಿಫೋಲ್ಡಿಗೆ ಹೊಗೆ ತುಂಬಿಸಿ ಸೋರಿಕೆ ತೋರಿಸುವ ಸ್ಮೋಕ್ ಟೆಸ್ಟರ್ ಗ್ಯಾರೇಜಿಗೆ ಒಳ್ಳೆಯ ಹೂಡಿಕೆ. ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಐಡ್ಲಿಂಗ್ ಬದಲಾಗುತ್ತದೆಯೇ ನೋಡುವ ಹಳೆಯ ಪದ್ಧತಿಯಿಂದ ಬೆಂಕಿ ಹೊತ್ತುವ ಅಪಾಯವಿದೆ, ಬೇಡ. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕಾಗುವುದು ಬಿಟ್ಟುಬಿಟ್ಟು ಬರುವ ತೊಂದರೆಗೆ. ಕ್ರ್ಯಾಂಕ್ ಸೆನ್ಸರಿನ ಸಂಕೇತ ಒಂದು ಕ್ಷಣ ತಪ್ಪಿದ್ದು ಮಲ್ಟಿಮೀಟರಿಗೆ ಕಾಣದು. ಆದರೆ ಅಲೆಯ ಆಕಾರ ಓದಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅದಿಲ್ಲದೆ ಕೊಂಡರೆ ಕಪಾಟಿನಲ್ಲಿ ಕೂರುತ್ತದೆ.

ಡೀಸೆಲ್ ಕಾರಿನ ಲೆಕ್ಕ ಬೇರೆ

ಡೀಸೆಲ್‌ನಲ್ಲಿ ನಾಲ್ಕು ಅನಿಲದ ಯಂತ್ರ ಬಳಸುವುದಿಲ್ಲ, ಹೊಗೆಯ ದಟ್ಟಣೆ ಅಳೆಯುವ ಸ್ಮೋಕ್ ಮೀಟರ್ ಬಳಸುತ್ತಾರೆ. ಬಿಎಸ್-4 ಡೀಸೆಲ್ಲಿಗೆ 50 ಹಾರ್ಟ್ರಿಜ್ (ಹೊಗೆಯ ದಟ್ಟಣೆಯ ಮಾನ), ಅದಕ್ಕಿಂತ ಹಳೆಯವಕ್ಕೆ 65 ಮಿತಿ. ಪರೀಕ್ಷೆಯಲ್ಲಿ ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ತಿ ಒತ್ತುತ್ತಾರೆ. ಟೈಮಿಂಗ್ ಬೆಲ್ಟ್ ಬದಲಿಸುವ ಕಿಲೋಮೀಟರ್ ದಾಟಿದ್ದರೆ, ಆಯಿಲ್ ಕಡಿಮೆ ಇದ್ದರೆ, ಅದನ್ನು ಸರಿಮಾಡಿಯೇ ಹೋಗಿ. ಕಪ್ಪು ಹೊಗೆಗೆ ಮೊದಲು ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿನ ಪೈಪ್ ಸೀಳಿದೆಯೇ ನೋಡಿ. ಆಯಿಲ್ ಜಿನುಗಿದ ಕಲೆ, ಏರಿನಲ್ಲಿ ಎಳೆಯುವಾಗ ಸುಂಯ್ ಎನ್ನುವ ಸದ್ದು ಅದರ ಗುರುತು. ಆಮೇಲೆ ಏರ್ ಫಿಲ್ಟರ್, ಇಜಿಆರ್. ಇಂಜೆಕ್ಟರ್ ಸರದಿ ಕೊನೆಗೆ.

ಸ್ಟಾರ್ಟಿಂಗ್ ಟ್ರಬಲ್ ಇದ್ದು, ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೈಲ್ ಎಂಬ ಕೊಳವೆಯಲ್ಲಿ ಒತ್ತಡ ಸಾಲದು ಎಂಬ ಪಿ0087 ಬಂದರೆ ಸ್ಕ್ಯಾನರಿನಲ್ಲಿ ರೈಲ್ ಒತ್ತಡದ ಎರಡು ಅಂಕಿ ನೋಡಿ, ಇಸಿಯು ಬಯಸಿದ್ದು ಮತ್ತು ನಿಜವಾಗಿ ಸಿಕ್ಕಿದ್ದು. ಎರಡರ ನಡುವೆ ಅಂತರ ದೊಡ್ಡದಿದ್ದರೆ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಸಿಕ್ಕಿಸಿ ಎರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಒಂದು ಬಾಟಲಿ ಉಳಿದವಕ್ಕಿಂತ ಎರಡು ಪಟ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ನಾಲ್ಕನ್ನೂ ಬದಲಿಸಿ ಎಂಬ ಅಂದಾಜು ಪಟ್ಟಿ ಕೈಗೆ ಬಂದಾಗ ಈ ಬಾಟಲಿ ಪರೀಕ್ಷೆ ಆಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಬಿಎಸ್-6 ಡೀಸೆಲ್ಲಿನ ಡಿಪಿಎಫ್‌ಗೆ ತನ್ನೊಳಗಿನ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅದು ಸಿಗುವುದಿಲ್ಲ. ಡಿಪಿಎಫ್ ದೀಪ ಮಾತ್ರ ಹೊತ್ತಿದ್ದರೆ ತುಮಕೂರು ರಸ್ತೆಯಂಥ ಹೆದ್ದಾರಿಯಲ್ಲಿ 20 ನಿಮಿಷ, 60 ಕಿ.ಮೀ. ಮೇಲಿನ ಒಂದೇ ವೇಗದಲ್ಲಿ ಓಡಿಸಿ, ನಡುವೆ ಆಫ್ ಮಾಡಬೇಡಿ. ಚೆಕ್ ಎಂಜಿನ್ ದೀಪವೂ ಸೇರಿಕೊಂಡರೆ ಸ್ಕ್ಯಾನರಿನಿಂದಲೇ ಸುಡಿಸಬೇಕು. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿದ್ದರೆ ಸುಡದ ಡೀಸೆಲ್ ಆಯಿಲಿಗೆ ಬೆರೆತಿದೆ, ಆಯಿಲ್ ಬದಲಿಸದೆ ಓಡಿಸಬೇಡಿ.

ಟೆಸ್ಟಿಗೆ ಮುನ್ನ ಕೋಡ್ ಅಳಿಸುವುದು

ನಮ್ಮ ಎಮಿಷನ್ ಟೆಸ್ಟ್ ಸೈಲೆನ್ಸರಿನ ಹೊಗೆಯನ್ನಷ್ಟೇ ಅಳೆಯುತ್ತದೆ, ಒಬಿಡಿ ಸಾಕೆಟ್ ಮುಟ್ಟುವುದಿಲ್ಲ. ಆದ್ದರಿಂದ ಕೋಡ್ ಅಳಿಸಿದರೆ ಪಾಸಾಗುತ್ತದೆ ಎಂಬುದಕ್ಕೆ ಅರ್ಥವಿಲ್ಲ. ಅಳಿಸಿದಾಗ ಇಸಿಯು ಕಲಿತ ಟ್ರಿಮ್ಮೂ ಸೊನ್ನೆಯಾಗಿ ರೀಡಿಂಗ್ ಇನ್ನಷ್ಟು ಕೆಡುವುದುಂಟು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ 2000 ಮತ್ತು ನಂತರದ ಪೆಟ್ರೋಲ್ ಕಾರುಗಳ ಸ್ಮಾಗ್ ಚೆಕ್ (ಅಲ್ಲಿನ ಎಮಿಷನ್ ಟೆಸ್ಟ್) ಒಬಿಡಿ ಮೂಲಕವೇ ನಡೆಯುತ್ತದೆ. ಇಸಿಯು ತಾನೇ ನಡೆಸುವ ಪರೀಕ್ಷೆಗಳಿಗೆ ಮಾನಿಟರ್ ಎನ್ನುತ್ತಾರೆ; ಪೆಟ್ರೋಲ್ ಆವಿಯ ಸೋರಿಕೆ ನೋಡುವ ಇವ್ಯಾಪ್ ಒಂದನ್ನು ಬಿಟ್ಟು ಉಳಿದವೆಲ್ಲ ಪೂರ್ಣಗೊಂಡಿರಬೇಕು. ಬ್ಯಾಟರಿ ಬದಲಿಸಿದ ಮರುದಿನ ಹೋದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಫೇಲ್. ಅವರಿಗೆ ಡಾಂಗಲ್ ತುಂಬ ಉಪಯೋಗಿ: ಮನೆಯಲ್ಲೇ ಮಾನಿಟರ್‌ಗಳ ಸ್ಥಿತಿ ನೋಡಿಕೊಂಡು ಹೊರಡಬಹುದು.

ಪಿ0420: ದುಡ್ಡು ಕೊಡುವ ಮುನ್ನ

ಕ್ಯಾಟಲಿಟಿಕ್ ಕನ್ವರ್ಟರ್ ಸೋತಿದೆ ಎಂಬ ಈ ಕೋಡ್ ಎಲ್ಲಕ್ಕಿಂತ ದುಬಾರಿ, ಇಲ್ಲಿ ಅವಸರ ಸಲ್ಲ. ಡಾಂಗಲ್ಲಿನಲ್ಲಿ ಎರಡೂ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫನ್ನು ಒಂದೇ ಪರದೆಯಲ್ಲಿ ಹಾಕಿ, ಬಿಸಿ ಎಂಜಿನ್ನನ್ನು 2000 ಆರ್‌ಪಿಎಂನಲ್ಲಿ ಹಿಡಿಯಿರಿ. ಮುಂದಿನ ಸೆನ್ಸರ್ ಹಳೆಯ ಮಾದರಿಯದಾದರೆ 0.1ರಿಂದ 0.9 ವೋಲ್ಟ್ ನಡುವೆ ಜೋಕಾಲಿ ಆಡುತ್ತದೆ. ಹಿಂದಿನದು 0.6–0.7ರಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು. ಅದೂ ಮುಂದಿನದರ ತಾಳಕ್ಕೇ ಕುಣಿಯುತ್ತಿದ್ದರೆ ಕ್ಯಾಟ್ ಸೋತಿರಬಹುದು. ಆದರೆ ಮೊದಲು ಎರಡು ಸೆನ್ಸರ್ ನಡುವಿನ ಜಾಯಿಂಟಿನಲ್ಲಿ ಮಸಿ ಕಲೆ ಇದೆಯೇ ನೋಡಿ. ಅಲ್ಲಿ ಗಾಳಿ ಸೋರಿದರೂ ಇದೇ ಆಟ ಕಾಣುತ್ತದೆ.

ನಂತರ ಅನಲೈಸರಿನಲ್ಲಿ 2500 ಆರ್‌ಪಿಎಂನ ರೀಡಿಂಗ್ ತೆಗೆಸಿ. ಲ್ಯಾಂಬ್ಡಾ 1ರ ಹತ್ತಿರವಿದ್ದೂ ಸಿಒ, ಆಮ್ಲಜನಕ ಎರಡೂ ಅರ್ಧ ಶೇಕಡಾ ದಾಟಿದ್ದರೆ ಕ್ಯಾಟ್ ಅವೆರಡನ್ನೂ ಕೂಡಿಸಿ ಸುಡುತ್ತಿಲ್ಲ, ಬದಲಿಸಲೇಬೇಕು. ಲ್ಯಾಂಬ್ಡಾವೇ 0.94 ಎಂದು ಬಂದರೆ ತಪ್ಪು ಎಂಜಿನ್ನಿನದು. ಆಗ ಪೆಟ್ರೋಲ್ ಏಕೆ ಹೆಚ್ಚಾಗುತ್ತಿದೆ ಎಂದು ಹುಡುಕಿ ಸರಿಮಾಡಿ, ಇನ್ನೂರು ಕಿ.ಮೀ. ಓಡಿಸಿ, ಮತ್ತೆ ಅಳೆಸಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅಥವಾ ಮಿಸ್ ಆಗುತ್ತಿದ್ದರೆ ಅದನ್ನು ಮುಗಿಸದೆ ಹೊಸ ಕ್ಯಾಟ್ ಹಾಕಿಸಬೇಡಿ, ಹಳೆಯದನ್ನು ಕೊಂದದ್ದೇ ಹೊಸದನ್ನೂ ಕೊಲ್ಲುತ್ತದೆ.